ನೀಲಿ ತಿರುಗಿದ ಫೋಟೊ

ನಮ್ಮ ಸ್ಟುಡಿಯೋ ಸಾಹೇಬರ ಬಲಗೈಯ ಮೂರು ಉಗುರುಗಳು ಕಂದುಗಟ್ಟಿದ್ದವು. ಗುಬ್ಬಿಯ ಆ ಅಂಗಡಿಯ ಡಾರ್ಕ್‌ರೂಮಿನಲ್ಲಿ ಮೂವತ್ತು ವರ್ಷ ರಾಸಾಯನಿಕದಲ್ಲಿ ಕೈಯದ್ದಿ ಫೋಟೊ ತೊಳೆದ ಗುರುತು ಅದು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಹಳೆಯ ಫೋಟೊ ಪೇಪರ್ ಸಿಗುವುದು ನಿಂತು, ಆ ಕಿಟಕಿಯಿಲ್ಲದ ಗೂಡಿಗೆ ಕಂಪ್ಯೂಟರು, ಇಂಕ್‌ಜೆಟ್ ಪ್ರಿಂಟರು ಬಂದಿದ್ದವು. ದಿನವಿಡೀ ಅದರೊಳಗೆ ಕೂತು ನನಗೆ ಉಸಿರು ಕಟ್ಟುತ್ತಿತ್ತು.

ಬಣ್ಣದ ಫೋಟೊಗೆ ಆ ಯಂತ್ರ ಸರಿ. ಕಪ್ಪು-ಬಿಳುಪು ಎಂದರೆ ಎಮ್ಮೆಯ ಹಟ. ಕಪ್ಪು ಇಂಕ್ ಒಂದರಲ್ಲೇ ತೆಗೆದರೆ ಮುಖದ ತುಂಬ ರಾಗಿ ಚೆಲ್ಲಿದಂತೆ ಚುಕ್ಕಿ. ಎಲ್ಲ ಇಂಕ್ ಬೆರೆಸಿದರೆ ಒಮ್ಮೆ ಹಸಿರು, ಒಮ್ಮೆ ಗುಲಾಬಿ. ಸಾಹೇಬರು ಪ್ರತಿ ಪ್ರಿಂಟನ್ನೂ ಹೊಸ್ತಿಲಿಗೆ ಒಯ್ದು ಬಿಸಿಲಿಗೆ ಹಿಡಿಯುತ್ತಿದ್ದರು. "ಏನ್ ಸಾಬ್ರೇ, ಹಪ್ಪಳ ಒಣಗಿಸ್ತಿದ್ದೀರಾ?" ಎಂದು ಎದುರಂಗಡಿಯವರು ರೇಗಿಸುತ್ತಿದ್ದರು. "ಬೂದು ಅಂದ್ರೆ ಬೂದಿ ಥರ ಇರ್ಬೇಕು ಕಣಮ್ಮ, ಯಾವ ಬಣ್ಣದ ಕಡೀಕೂ ವಾಲ್ಬಾರ್ದು" ಎಂದು ಸಾಹೇಬರು ನನಗೆ ಹೇಳುತ್ತಿದ್ದರು.

ಒಮ್ಮೆ ಚೇಳೂರಿನಿಂದ ಒಬ್ಬ ತಾಯಿ ಬಂದರು. ತೀರಿಹೋದ ಮಗನದು ಉಳಿದಿದ್ದದ್ದು ಹಾಲ್ ಟಿಕೆಟ್ಟಿನ ಒಂದೇ ಒಂದು ಕಪ್ಪು-ಬಿಳುಪು ಚಿತ್ರ. ಅದನ್ನು ದೊಡ್ಡದು ಮಾಡಿಕೊಡಬೇಕಿತ್ತು. ಸಾಹೇಬರು ಹನ್ನೊಂದು ಸಲ ಪ್ರಿಂಟ್ ತೆಗೆಸಿದರು. "ಇನ್ನೂ ಹಳದಿ ಐತೆ, ನೀಲಿ ಹಾಕು" ಎಂದು ಒಂದೇ ಪಟ್ಟು. ನನಗೆ ಎಂಟನೆಯದೇ ನೀಲಿಯಾಗಿ ಕಂಡಿತ್ತು. ಮೂವತ್ತು ವರ್ಷ ಪಳಗಿದ ಕಣ್ಣಿಗೆ ನಾನು ಎದುರಾಡುವುದು ಹೇಗೆ? ಕೊನೆಯದನ್ನು ಹಿಡಿದು, "ನೀನ್ ಹೇಳಮ್ಮ, ಸರಿ ಐತಾ?" ಎಂದರು. ಬೇಸತ್ತು ಹೋಗಿದ್ದೆ. "ಸರಿ ಇದೆ ಸಾಹೇಬ್ರೇ" ಎಂದುಬಿಟ್ಟೆ.

ಮರುದಿನ ಆ ತಾಯಿ ಫೋಟೊ ನೋಡಿದವರೇ ಮೇಜಿನ ಮೇಲೆ ಕವುಚಿಟ್ಟರು. "ಹಾವು ಕಡ್ದಾಗ ನನ್ ಮಗ ಹಿಂಗೇ ನೀಲಿ ತಿರುಗಿದ್ದ ಸಾಬ್ರೇ. ನಂಗಿದು ಬ್ಯಾಡ" ಎಂದು ಹೊರಟುಹೋದರು.

"ನಿಂಗೂ ಕಾಣ್ಲಿಲ್ವೇನಮ್ಮ?" ಎಂದು ಸಾಹೇಬರು ಕೇಳಿದರು. ಇಲ್ಲ ಎಂದೆ. ಒಂದು ಸುಳ್ಳು ಹೇಳಿದವಳಿಗೆ ಇನ್ನೊಂದು ಹೇಳದೆ ದಾರಿಯಿರಲಿಲ್ಲ.

ಆರು ತಿಂಗಳ ನಂತರ ಅವರು ತುಮಕೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡರು. ಪೊರೆಯಿಂದಾಗಿ ಬಿಳಿಯೂ ಹಳದಿಯಾಗಿ ಕಾಣುತ್ತಿತ್ತಂತೆ. ಅಂಗಡಿಗೆ ಬಂದವರೇ ಆ ಫೋಟೊ ಹುಡುಕಿ ಹೊಸ್ತಿಲಿಗೆ ಒಯ್ದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಂಗ್ ಕಂಡಿತ್ತು" ಎಂದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹೊಸ ಪ್ರಿಂಟ್ ತೆಗೆದು, ತಾವೇ ಬಸ್ಸು ಹತ್ತಿ ಚೇಳೂರಿಗೆ ಹೋಗಿ ಕೊಟ್ಟು ಬಂದರು. ಆ ತಾಯಿ ಫೋಟೊವನ್ನು ಸೆರಗಿನಿಂದ ಒರೆಸಿ ಒಳಗಿಟ್ಟುಕೊಂಡರಂತೆ. ಮುಂದೆ ಮೂರು ವರ್ಷ, ಸಾಹೇಬರು ತೀರಿಕೊಳ್ಳುವವರೆಗೂ ನಾನು ಅದೇ ಗೂಡಿನಲ್ಲಿ ಕೆಲಸ ಮಾಡಿದೆ. ಒಂದು ದಿನವೂ ಬೈಯಲಿಲ್ಲ ಪುಣ್ಯಾತ್ಮರು. ಆದರೆ ಪ್ರಿಂಟ್ ಕೈಯಲ್ಲಿ ಹಿಡಿದು "ನೀನ್ ಹೇಳಮ್ಮ" ಎಂದು ಮತ್ತೆಂದೂ ಕೇಳಲಿಲ್ಲ.