ಇಂಗ್ಲಿಷ್ ಅಕ್ಕೋರು ಮತ್ತು ನನ್ನ ಸಿಟ್ಟು

ಕಳೆದ ವಾರ ನಮ್ಮ ಶಾಲೆಯ ಹೊಸ ಕಟ್ಟಡದಲ್ಲಿ ಕರೆಂಟ್ ಕೈಕೊಟ್ಟಿತು. ಪರದೆ, ಪ್ರೊಜೆಕ್ಟರ್ ಎಲ್ಲ ಬಿಟ್ಟು ಮಕ್ಕಳನ್ನು ಹಳೆಯ ಕೋಣೆಗೆ ಕರೆದೊಯ್ದೆ. ಅಲ್ಲಿನ ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಒಂದು ವಾಸನೆ ಎದ್ದಿತು. ನೆನೆದ ಸುಣ್ಣದ್ದೋ, ಹಳೆಯ ಕಟ್ಟಿಗೆಯದ್ದೋ... ಬಟ್ಟೆ ಹಿಡಿದುಕೊಂಡೇ ನಿಂತುಬಿಟ್ಟೆ. ನಮ್ಮ ಇಂಗ್ಲಿಷ್ ಅಕ್ಕೋರು ಹೀಗೇ ಒರೆಸುತ್ತಿದ್ದರು. ಸೀಮೆಸುಣ್ಣದ ಪುಡಿ ಹಾರಿದರೆ ಅವರಿಗೆ ಕೆಮ್ಮು ಹತ್ತುತ್ತಿತ್ತು.

ನಮ್ಮ ಕಡೆ ಹೆಣ್ಣು ಶಿಕ್ಷಕರನ್ನು ಅಕ್ಕೋರು ಎಂದೇ ಕರೆಯುತ್ತೇವೆ. ಅವರು ಬೆಟಗೇರಿಯಿಂದ ದಿನಾ ಬಸ್ಸಿನಲ್ಲಿ ಲಕ್ಷ್ಮೇಶ್ವರದ ಕಾಲೇಜಿಗೆ ಬರುತ್ತಿದ್ದ ಅತಿಥಿ ಉಪನ್ಯಾಸಕಿ. ನಾನು ಬಾಳೆಹೊಸೂರಿನಿಂದ ಹೋಗುತ್ತಿದ್ದ ಪಿಯುಸಿ ಹುಡುಗಿ.

ಕ್ಯಾನ್, ಮೇ, ಮೈಟ್, ಮಸ್ಟ್... ಗೈಡಿನಲ್ಲಿ ಒಂದೇ ಪುಟಕ್ಕೆ ಮುಗಿಯುವ ಪಾಠ. ಅಕ್ಕೋರು ಅದಕ್ಕೆ ವಾರಗಟ್ಟಲೆ ತೆಗೆದುಕೊಂಡರು. ಹಲಗೆಯ ಮೇಲೆ ‘ಮಸ್ಟ್’ ಎಂದು ಬರೆದು ನಮ್ಮ ಕಡೆ ತಿರುಗಿ, “ಹಿಂಗ ಇರಬೇಕು, ಹಂಗ ಇರಬೇಕು ಅಂತ ನಿಮಗ ದಿನಾ ಹೇಳಾವ್ರು ಯಾರು?” ಎಂದು ಕೇಳಿದರು. ಮೊದಲು ಎಲ್ಲರೂ ನಕ್ಕೆವು. ಆಮೇಲೆ ಒಬ್ಬಳು, ಮಂದಿ ಮುಂದೆ ಸಿಟ್ಟು ತೋರಿಸಬಾರದು ಎಂದು ಅವ್ವ ಹೇಳುತ್ತಾಳೆ ಎಂದಳು. ಹಿಂದಿನ ಬೆಂಚಿನ ಹುಡುಗನೊಬ್ಬ, ಅಜ್ಜ ಸತ್ತಾಗ ಅಳಲು ತನ್ನನ್ನು ಬಿಡಲಿಲ್ಲ ಎಂದ. ಅಕ್ಕೋರು ಆ ಮಾತುಗಳನ್ನೇ ಇಂಗ್ಲಿಷಿಗೆ ತಿರುಗಿಸಿದರು. ‘ಬೇಕು’ ಅಂದರೆ ಮಸ್ಟ್, ಅಲ್ಲಿ ದಾರಿ ಒಂದೇ. ‘ಬಹುದು’ ಅಂದರೆ ಮೇ, ಮೈಟ್. ಅಲ್ಲಿ ಉಸಿರಾಡಲು ಜಾಗ ಇರುತ್ತದೆ. ಮನಸ್ಸು ಭಾರವಾದಾಗ ಯಾವುದನ್ನು ಹೇಳಿಕೊಳ್ಳುತ್ತೀರಿ ನೋಡಿಕೊಳ್ಳಿ ಎನ್ನುತ್ತಿದ್ದರು.

ಸ್ವಂತ ವಾಕ್ಯ ಬರೆಯಿರಿ ಎಂದಾಗ ನಾನು ಬರೆದದ್ದು, ಗಣಿತದ ತರಗತಿಯಲ್ಲಿ ನನಗೆ ಉಸಿರಾಡಲು ಆಗುವುದಿಲ್ಲ ಎಂದು.

“ವ್ಯಾಕರಣ ಸರಿ ಐತಿ,” ಎಂದರು ಅಕ್ಕೋರು ಮೆಲ್ಲಗೆ. “ಆದ್ರ ವಿಷಯ ಸರಿ ಇಲ್ಲ. ಕ್ಲಾಸ್ ಆದ ಮ್ಯಾಲೆ ಬಾ.”

ಗಣಿತದ ಸರ್ ನನ್ನನ್ನು ಹಲಗೆಯ ಪಕ್ಕ ನಿಲ್ಲಿಸಿ ಲೆಕ್ಕ ಬಿಡಿಸಲು ಹೇಳುತ್ತಿದ್ದರು. ನನ್ನ ಕೈ ತಣ್ಣಗಾಗುತ್ತಿತ್ತು, ಎದೆ ಹಾರುತ್ತಿತ್ತು, ಗಂಟಲಲ್ಲಿ ಗಾಳಿಯೇ ಇಳಿಯುತ್ತಿರಲಿಲ್ಲ. “ನಾಟಕ ಕಂಪನಿ ಬಂತು ನೋಡ್ರಲೇ!” ಎಂದು ಆತ ತರಗತಿಯನ್ನೆಲ್ಲ ನಗಿಸುತ್ತಿದ್ದ. ಹೌದು, ಆತ. ನನ್ನೊಳಗೆ ಆ ಮನುಷ್ಯನಿಗೆ ಬಹುವಚನ ಆಗಲೇ ನಿಂತುಹೋಯಿತು.

ಅಕ್ಕೋರು ನನ್ನ ಅವ್ವನಿಗೆ ತಿಳಿಸಿ, ನಮ್ಮಿಬ್ಬರನ್ನೂ ಗದಗಿನ ಒಬ್ಬ ಮನೋವೈದ್ಯರ ಹತ್ತಿರ ಕರೆದೊಯ್ದರು. ವೈದ್ಯರು ಇದು ಗುಣವಾಗುತ್ತದೆ ಎಂದರು. ಗುಣವಾಗಲು ಆತ ಬಿಡಲಿಲ್ಲ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ನಮ್ಮಪ್ಪನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು, ನಿಮ್ಮ ಮಗಳನ್ನು ಹುಚ್ಚರ ಡಾಕ್ಟರಿಗೆ ತೋರಿಸಿ ಬಂದಿದ್ದಾರೆ, ನಾಳೆ ಯಾರು ಮದುವೆಯಾಗುತ್ತಾರೆ ಎಂದ. ಅಪ್ಪ ಮರುದಿನದಿಂದ ನನ್ನ ಕಾಲೇಜು ಬಿಡಿಸಿದ. ಇತ್ತ ಕಾಲೇಜಿನಲ್ಲಿ, ಈ ಇಂಗ್ಲಿಷಿನವಳು ಪಾಠ ಬಿಟ್ಟು ಮಕ್ಕಳ ತಲೆ ಕೆಡಿಸುತ್ತಾಳೆ ಎಂದು ಆತ ಆಡಳಿತ ಮಂಡಳಿಯವರ ಕಿವಿಯೂದಿದ. ಅಕ್ಕೋರಿಗೆ, ನಾಳೆಯಿಂದ ಬರುವುದು ಬೇಡ ಎಂದರು. ಅತಿಥಿ ಉಪನ್ಯಾಸಕಿಯಾದ್ದರಿಂದ ಅಷ್ಟು ಹೇಳಿದರೆ ಸಾಕಾಗಿತ್ತು.

ಹೋಗುವ ಮುಂಚೆ ಅವರು ನಮ್ಮ ಮನೆಗೆ ಬಂದರು. ಅಪ್ಪ ಒಳಗೆ ಕರೆಯಲಿಲ್ಲ. ಅಂಗಳದಲ್ಲೇ ನಿಂತು ನನ್ನನ್ನು ಕೇಳಿದರು, “ಸಿಟ್ಟು ಬಂದೈತೇನು?”

“ಅವ್ನ ಕೊಲ್ಲಬೇಕು ಅನಸ್ತೈತ್ರಿ.”

ಅವರು ಗದರಲಿಲ್ಲ. “ಅನಸ್ಲಿ. ಸಿಟ್ಟು ಬರಬಾರದು ಅಂತ ನಾ ಹೇಳಂಗಿಲ್ಲ. ಆದ್ರ ಅದನ್ನ ಅತ್ತು ಖಾಲಿ ಮಾಡಬ್ಯಾಡ. ಇಟ್ಕೊಂಡು ಓದು.”

ಹಾಗೇ ಓದಿದೆ. ಅವ್ವ ಹಟ ಹಿಡಿದು ಪರೀಕ್ಷೆಗೆ ಕಟ್ಟಿಸಿದಳು. ಬಿ.ಎ., ಬಿ.ಎಡ್., ಆಮೇಲೆ ಗದಗಿನಲ್ಲಿ ಇಂಗ್ಲಿಷ್ ಶಿಕ್ಷಕಿಯ ಕೆಲಸ... ಪ್ರತಿ ಮೆಟ್ಟಿಲಲ್ಲೂ ಆತನ ಮುಖ ಕಣ್ಣೆದುರಿಗೆ ತಂದುಕೊಂಡೇ ಕಾಲಿಟ್ಟೆ. ಅಕ್ಕೋರು ಬೆಟಗೇರಿಯ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದರು. ಮತ್ತೆ ಯಾವ ಕಾಲೇಜಿಗೂ ಹೋಗಲಿಲ್ಲ.

ಹೋದ ವರ್ಷ ಆತ ತಾನಾಗಿಯೇ ನಮ್ಮ ಸ್ಟಾಫ್ ರೂಮಿಗೆ ಬಂದ. ಕೂದಲು ಬೆಳ್ಳಗಾಗಿತ್ತು, ಕೈಯಲ್ಲಿ ಕೋಲಿತ್ತು. ನನ್ನ ಗುರುತು ಹತ್ತಲಿಲ್ಲ. ನಮ್ಮ ಎಂಟನೇ ತರಗತಿಯ ಒಬ್ಬ ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದ್ದಳು. ಆಕೆ ಆತನ ಮೊಮ್ಮಗಳು.

“ಶಾಲಿ ಬಾಗಿಲಿಗೆ ಬಂದ್ರ ಕೂಸಿಗೆ ಉಸಿರು ಹಿಡೀತೈತ್ರಿ ಮೇಡಂ. ನೀವು ಇಂಥಾ ಮಕ್ಕಳನ್ನ ಛಲೋ ನೋಡ್ಕೋತೀರಿ ಅಂದ್ರು. ಆದ್ರ ಯಾರಿಗೂ ಗೊತ್ತಾಗಬಾರದ್ರಿ.”

“ನಾಟಕ ಇರಬಹುದಲ್ರಿ ಸರ್?”

“ಛೇ ಛೇ! ಖರೆನ ಒದ್ದಾಡತೈತ್ರಿ.”

ನಾನು ಯಾರೆಂದು ಆಗ ಹೇಳಿದೆ. ಎಲ್ಲರಿಗೂ ಕೇಳುವಂತೆ, ನಾಟಕ ಕಂಪನಿ ಎಂಬ ಮಾತನ್ನೂ ಬಿಡದೆ ಹೇಳಿದೆ. ಮೇಷ್ಟ್ರುಗಳೆಲ್ಲ ತಲೆಯೆತ್ತಿ ನೋಡಿದರು. ಆತ ಕೋಲು ಬಿಟ್ಟು ಕುರ್ಚಿಯ ಬೆನ್ನು ಹಿಡಿದುಕೊಂಡ. ಎಷ್ಟು ಹಿತವಾಯಿತು ಎಂದು ಮುಚ್ಚಿಡುವುದಿಲ್ಲ.

“ಮಗುನ್ನ ನಾಳಿಂದ ಕಳಸ್ರಿ. ಅದರದೇನೂ ತಪ್ಪಿಲ್ಲ,” ಎಂದೆ. “ಆದ್ರ ಈಗ ನೀವು ನನ್ನ ಜೋಡಿ ಬೆಟಗೇರಿಗೆ ಬರ್ರಿ.”

ಆಟೋದಲ್ಲಿ ಹೋದೆವು. ಅಕ್ಕೋರು ಪಡಸಾಲೆಯಲ್ಲಿ ಕುಳಿತಿದ್ದರು; ಆಗಲೇ ಮೈ ಸೋತಿತ್ತು. ಆತ ನಿಂತೇ ಕೈ ಮುಗಿದ.

“ತಪ್ಪಾತ್ರಿ ಅಕ್ಕೋರ. ನೀವು ನನ್ನ ಕ್ಷಮಿಸಬೇಕು.”

“ಬೇಕು ಅಂದ್ರ ಮಸ್ಟ್ ಆತಲ್ರಿ ಸರ್,” ಎಂದರು ಅಕ್ಕೋರು. “ಅದು ನೀವು ಹೇಳೋ ಮಾತಲ್ಲ. ಕ್ಷಮಿಸಬಹುದು. ಕ್ಷಮಿಸದನೂ ಇರಬಹುದು. ಕುಂಡ್ರಿ, ಚಹಾ ಕುಡೀರಿ.”

ಆತ ಚಹಾ ಕುಡಿದು, ಕ್ಷಮಿಸಿದರೋ ಇಲ್ಲವೋ ತಿಳಿಯದೆ ಎದ್ದುಹೋದ. ಮೊಮ್ಮಗಳು ಮೊದಲು ವರಾಂಡದಲ್ಲಿ ಕುಳಿತು, ಆಮೇಲೆ ಬಾಗಿಲ ಪಕ್ಕ ಕುಳಿತು, ಕೊನೆಗೆ ತರಗತಿಯೊಳಗೆ ಬಂದಳು. ಈಗ ಜೋರಾಗಿ ಓದುತ್ತಾಳೆ.

ಅಕ್ಕೋರು ಈ ಬೇಸಿಗೆಯಲ್ಲಿ ಹೋಗಿಬಿಟ್ಟರು. ಅದಕ್ಕೆ ಸ್ವಲ್ಪ ದಿನ ಮುಂಚೆ ನಾನು ನೋಡಲು ಹೋದಾಗ, “ಅವತ್ತ ಅವ್ರನ್ನ ಕ್ಷಮಿಸಿಬಿಟ್ಟೆ ನೋಡವ್ವ,” ಎಂದಿದ್ದರು. “ಚಹಾ ಕಪ್ಪು ಹಿಡಿದ ಅವ್ರ ಕೈ ಭಾಳ ನಡುಗತಿತ್ತು.”

“ಅವ್ರಿಗೆ ಹೇಳಬೇಕೇನ್ರಿ?”

“ಬೇಕು ಅನ್ನಂಗಿಲ್ಲ. ಹೇಳಬಹುದು,” ಎಂದು ನನ್ನ ಕೈ ಹಿಡಿದುಕೊಂಡಿದ್ದರು...

ಮೊನ್ನೆ ಆತ ಫೋನ್ ಮಾಡಿದ. ಅಕ್ಕೋರು ತನ್ನ ಬಗ್ಗೆ ಏನಾದರೂ ಅಂದಿದ್ದರೇ ಎಂದು ಕೇಳಿದ, ಧ್ವನಿ ಸಣ್ಣದಾಗಿತ್ತು. “ಏನೂ ಅಂದಿಲ್ರಿ ಸರ್,” ಎಂದೆ. “ಆತ್ರಿ ಮೇಡಂ,” ಎಂದು ಆತ ಫೋನ್ ಇಟ್ಟ. ಕ್ಷಮಿಸಿದ್ದನ್ನು ಆತನಿಗೆ ಹೇಳು ಎಂದು ನನಗೆ ಬುದ್ಧಿ ಹೇಳಬಹುದಾಗಿದ್ದವರು ಅಕ್ಕೋರೊಬ್ಬರೇ. ಬೆಟಗೇರಿಯ ಆ ಮನೆಗೆ ಈಗ ಬೀಗ ಬಿದ್ದಿದೆ. ನಾನು ಹೇಳಿಲ್ಲ.