ಕರಿಬಸಪ್ಪನ ಮೋಟಾರು ಮೇಲಿನಹಾಳದ ಏರು ಹತ್ತಿದ್ದು

ಕುಷ್ಟಗಿಯಲ್ಲಿ ಶೇಂಗಾ ಅಡತಿ ನಡೆಸುತ್ತಿದ್ದ ಈಶಪ್ಪನವರಿಗೆ ಒಬ್ಬ ತಮ್ಮನಿದ್ದ. ಹೆಸರು ಕರಿಬಸಪ್ಪ. ಮೂವತ್ತು ದಾಟಿದವನು, ಮದುವೆಯಾದವನು, ವ್ಯಾಪಾರದಲ್ಲಿ ಚುರುಕು, ಬೀಡಿ ಸೇದುವವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಇಷ್ಟೆಲ್ಲ ಒಳ್ಳೆಯ ಗುಣ ಕೊಟ್ಟ ದೇವರು ಕೊನೆಗೆ ಸುಮ್ಮನಿರಲಾರದೆ ಅವನ ತಲೆಯಲ್ಲಿ ಒಂದು ಹುಳ ಬಿಟ್ಟ. ಹಳೆಯ ಮೋಟಾರು ಅಂದರೆ ಮನುಷ್ಯ ಊಟ ಮರೆಯುತ್ತಿದ್ದ. ಹೊಸದಲ್ಲ ಮತ್ತೆ! ತಹಶೀಲಿಗೆ ಬರುವ ಸಾಹೇಬರ ಮಿರಮಿರ ಮಿಂಚುವ ಕಾರನ್ನು ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. "ಅದರಾಗೇನೈತಿ? ನಡಸಿದ್ರ ನಡೀತೈತಿ" ಅನ್ನುತ್ತಿದ್ದ. ನಡೆಯದೆ ಕುಳಿತದ್ದನ್ನು ನಡೆಸಬೇಕು, ಅದರಲ್ಲೇ ಅವನಿಗೆ ಸ್ವರ್ಗ.

೧೯೩೬ರಲ್ಲಿ ಶೇಂಗಾ ವ್ಯಾಪಾರಕ್ಕೆಂದು ಲಿಂಗಸೂಗೂರಿಗೆ ಹೋದವನು ಅಲ್ಲೊಬ್ಬ ಮುದಿ ಜಮೀನ್ದಾರರ ಹಿತ್ತಲಲ್ಲಿ ಒಂದು ಮೋಟಾರು ಕಂಡ. ಮೊದಲನೆಯ ಮಹಾಯುದ್ಧದ ಕಾಲದ್ದು. ಬಟ್ಟೆಯ ಚಾವಣಿ, ಕಟ್ಟಿಗೆಯ ಅರಗಳ ಗಾಲಿ, ಹಿತ್ತಾಳೆಯ ಎರಡು ದೀಪ. ಒಳಗೆ ಕೋಳಿಗಳ ಸಂಸಾರ. ಕರಿಬಸಪ್ಪ ಅದರ ಸುತ್ತ ತಿರುಗಿದ್ದೇ ತಿರುಗಿದ್ದು. ನೋಡಿ ನೋಡಿ ಬೇಸತ್ತ ಜಮೀನ್ದಾರರು, "ತಗೊಂಡು ಹೋಗಪಾ ಮಾರಾಯಾ, ನನ್ನ ಹಿತ್ತಲಾದರೂ ಹಸನಾಗ್ಲಿ" ಎಂದುಬಿಟ್ಟರು. ಎರಡು ಜೋಡಿ ಎತ್ತು ಕಟ್ಟಿ ಎಳೆಸಿಕೊಂಡು ಹೊರಟಾಯಿತು. ಹಿಂದಿನ ಸೀಟಿನಲ್ಲಿ ಕಾವಿಗೆ ಕೂತಿದ್ದ ಒಂದು ಹೇಂಟೆ ಮಾತ್ರ, ಕೈ ಹಚ್ಚಿದರೆ ಕುಕ್ಕುತ್ತಿತ್ತೇ ಹೊರತು ಏಳಲಿಲ್ಲ. ಅದೂ ಮಹಾರಾಣಿಯ ಹಾಗೆ ಸವಾರಿ ಮಾಡಿಕೊಂಡು ಕುಷ್ಟಗಿಗೆ ಬಂತು.

ಲಿಂಗಪೂಜೆ ಮಾಡುವ ಮನೆಯ ಅಂಗಳಕ್ಕೆ ಕೋಳಿ! ಈಶಪ್ಪನವರು ವಿಭೂತಿ ಹಚ್ಚಿಕೊಂಡ ಹಣೆಗೆ ಕೈ ಬಡಿದುಕೊಂಡರು.

"ಲೇ ಕರಿಬಸ್ಯಾ, ಏನಲೇ ಇದು?"

"ಮೋಟಾರಣ್ಣ."

"ಕೋಳಿಗೂಡಿಗೆ ನಾಕು ಗಾಲಿ ಹಚ್ಚಿದ್ರ ಮೋಟಾರ ಆಗತೈತೇನು?"

ಪಾತ್ರೆಗೆ ಕಲಾಯಿ ಹಾಕುವ ಮದಾರಸಾಬ ಆ ಹೊತ್ತಿಗೆ ಬಂದದ್ದು ಪುಣ್ಯ. ಅವನು ಕೋಳಿಯನ್ನು ಮೊಟ್ಟೆ ಸಮೇತ ತನ್ನ ಮನೆಗೆ ಒಯ್ದ. ಆ ಉಪಕಾರಕ್ಕೆ ಬದಲಾಗಿ ಮೋಟಾರಿನ ಎಂಜಿನ್ನು ತಣಿಸುವ, ತೂತು ಬಿದ್ದ ನೀರಿನ ಡಬ್ಬಿಗೆ ಬೆಸುಗೆ ಹಾಕಿಕೊಟ್ಟ. ಹಾಗೆ ಶುರುವಾಯಿತು ಇಬ್ಬರ ದೋಸ್ತಿ. ಬೆಸುಗೆ ಬಿಟ್ಟು ಸೋರಿದರೆ ಕರಿಬಸಪ್ಪ ಅಡುಗೆಮನೆಯಿಂದ ಅರಿಶಿನ ಕದ್ದು ತಂದು ನೀರಿಗೆ ಸುರಿಯುತ್ತಿದ್ದ. ಸೋರುವುದು ನಿಲ್ಲುತ್ತಿತ್ತು, ಕಾದಾಗ ಮಾತ್ರ ಮೋಟಾರು ಹಳದಿ ಹಬೆ ಬಿಟ್ಟು ಸಾರಿನ ವಾಸನೆ ಹೊಡೆಯುತ್ತಿತ್ತು. ಎಂಜಿನ್ನಿಗೆ ಗಾಣದ ಔಡಲೆಣ್ಣೆ. ಬೇಸಿಗೆಯಲ್ಲಿ ಗಾಲಿಯ ಅರಗಳು ಒಣಗಿ ಕಟಕಟ ಅಂದರೆ, ಬಂಡಿಯ ಗಾಲಿಗೆ ಮಾಡುವಂತೆ ಬಿಚ್ಚಿ ಎತ್ತು ನೀರು ಕುಡಿಯುವ ಕಲ್ಲುಬಾನಿಯಲ್ಲಿ ನೆನೆಹಾಕುತ್ತಿದ್ದ. ಎತ್ತುಗಳು ಮೂಸಿ ನೋಡಿ, ಮುಖ ತಿರುಗಿಸಿ, ಈಶಪ್ಪನವರ ಕಡೆ ನೋಡುತ್ತಿದ್ದವು.

ಕರಿಬಸಪ್ಪನ ಹೆಂಡತಿ ವಿರೂಪಾಕ್ಷಮ್ಮ ಓಣಿಯ ಹೆಂಗಸರ ಮುಂದೆ, "ನನ್ನ ಗಂಡ ನನಗ ಸವತಿ ತಂದಾರ ನೋಡ್ರೆವ್ವಾ. ಆಕೀ ಮೈ ಒರಸೂದೇನು, ಎಣ್ಣಿ ಹಚ್ಚೂದೇನು! ನನಗ ತಲಿ ನೋವಂದ್ರ ಒಂದ ಹನಿ ಎಣ್ಣಿ ಸಿಗವಲ್ದು" ಎಂದು ಹೇಳಿಕೊಂಡು ತಾನೇ ಬಿದ್ದು ಬಿದ್ದು ನಗುತ್ತಿದ್ದಳು. ಆದರೆ ಹರಿದ ಚಾವಣಿಗೆ ತೇಪೆ ಹಚ್ಚಿ ಹೊಲಿದವಳು ಯಾರು ಅಂತೀರಿ? ಅವಳೇ.

ಒಂದು ದಿನ ಮೋಟಾರು ಎದ್ದಿತು! ಮುಂದಿನ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಕರಿಬಸಪ್ಪನ ರಟ್ಟೆ ಬಿದ್ದುಹೋಗುವುದರಲ್ಲಿತ್ತು. ಅಷ್ಟರಲ್ಲಿ ಢಂ ಅಂತ ಸದ್ದು ಮಾಡಿ, ಹೊಗೆ ಉಗುಳಿ, ಗಡಗಡ ನಡುಗತೊಡಗಿತು; ಅವನು ಹಾರಿ ಒಳಗೆ ಕೂತದ್ದೇ ಬಜಾರಿನ ಕಡೆ ಓಡಿತು. ಎಬ್ಬಿಸುವ ಚಿಂತೆಯಲ್ಲಿ ನಿಲ್ಲಿಸುವುದು ಹೇಗೆಂದು ಅವನು ಯೋಚಿಸಿಯೇ ಇರಲಿಲ್ಲ. ಅಣ್ಣನ ಅಂಗಡಿಯ ಮುಂದಿನ ಶೇಂಗಾ ಚೀಲಗಳ ರಾಶಿಗೆ ಹೋಗಿ ಗುದ್ದಿ ನಿಂತಿತು. ಶೇಂಗಾ ಬಜಾರ ತುಂಬ ಚೆಲ್ಲಾಪಿಲ್ಲಿ. ಅದರ ನಡುವೆ ಕೂತು ಕರಿಬಸಪ್ಪ, "ಅಣ್ಣಾ, ನಡೀತು! ನಡೀತಣ್ಣ!" ಎಂದು ಕುಣಿಯುವುದೊಂದು ಬಾಕಿ. ಈಶಪ್ಪನವರು ಬಾಯಿಗೆ ಬಂದಂತೆ ಬೈದರು. ಬೈದು ಮುಗಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಿತ್ತಾಳೆಯ ದೀಪವನ್ನು ಒಮ್ಮೆ ಮುಟ್ಟಿ ನೋಡಿದರಂತೆ. ಇದು ಮದಾರಸಾಬ ಹೇಳಿದ್ದು. ಅವನ ಮಾತು ಎಷ್ಟು ನಂಬಬೇಕೋ ಅಷ್ಟು ನಂಬಿ.

ಎರಡು ವರ್ಷ ಹೀಗೇ ಕಳೆಯಿತು. ಒಂದು ದಿನ ಓಡಿದರೆ ಎಂಟು ದಿನ ಮಲಗುವ ಮೋಟಾರು, ಅದರ ಹೊಟ್ಟೆಯ ಕೆಳಗೆ ಅಂಗಾತ ಮಲಗುವ ಕರಿಬಸಪ್ಪ. ಈಶಪ್ಪನವರ ಮಗಳು ಕಳಕಮ್ಮನ ಮದುವೆಯಾಗಿ, ಅವಳನ್ನು ಗಂಡನ ಮನೆಗೆ ಕಳಿಸುವ ಹೊತ್ತು ಬಂತು. ಊರು ಮೇಲಿನಹಾಳ, ತಾವರಗೇರಾ ದಾಟಿ ಗುಡ್ಡದ ನೆತ್ತಿಯ ಮೇಲೆ. ಅತ್ತೆ ಗವಿಸಿದ್ದವ್ವನ ಬಾಯಿ ಭಾಳ ಜೋರು ಎಂದು ಆ ಸೀಮೆಗೆಲ್ಲ ಗೊತ್ತು. ಹುಡುಗಿ ವಾರದಿಂದ ಸರಿಯಾಗಿ ಉಂಡಿರಲಿಲ್ಲ. ಕಡೆಗೆ ಅಪ್ಪನ ಮುಂದೆ ಬಂದು, "ಅಪ್ಪಾ, ಹೋದ್ರ ನಾ ಕಾಕಾನ ಮೋಟಾರದಾಗ ಹೋಗತೀನಿ. ಇಲ್ಲಾಂದ್ರ ಹೋಗಂಗಿಲ್ಲ" ಎಂದು ಹಟ ಹಿಡಿದಳು.

ಈಶಪ್ಪನವರು ತಮ್ಮನನ್ನು ಕರೆದರು. "ನೋಡು ಕರಿಬಸ್ಯಾ. ನನ್ನ ಮಗಳ ಮಾತಿಗೆ ಹೂಂ ಅಂದೀನಿ. ಆದರ ಬೀಗರ ಊರಾಗ ನನ್ನ ಮಾನ ಹೋಗಬಾರ್ದು. ಹಾದ್ಯಾಗ ಇದಕ್ಕ ಯಾರರ ಎತ್ತು ಕಟ್ಟಿ ಎಳದ್ರೋ, ಹಿಂದ ನಿಂತು ನೂಕಿದ್ರೋ, ಮರುದಿನ ಇದನ್ನ ಗುಜರಿಯವಗ ತೂಕಕ್ಕ ಹಾಕತೀನಿ. ಆಮ್ಯಾಲ ಅಳಬ್ಯಾಡ."

"ಆತಣ್ಣ" ಎಂದ ಕರಿಬಸಪ್ಪ. ಅಂದನೇನೋ ಸರಿ, ಎದೆ ಮಾತ್ರ ಎಂಜಿನ್ನಿಗಿಂತ ಜೋರಾಗಿ ಬಡಿಯುತ್ತಿತ್ತು.

ಪಾತ್ರೆ, ಹಾಸಿಗೆ, ಪೆಟ್ಟಿಗೆ ಹೇರಿಕೊಂಡ ಎತ್ತಿನ ಬಂಡಿ ಹಿಂದಿನ ದಿನವೇ ಹೊರಟಿತು. ವಿರೂಪಾಕ್ಷಮ್ಮ ಮೋಟಾರಿಗೆ ಕುಂಕುಮ ಹಚ್ಚಿ, ದೀಪಗಳಿಗೆ ಗೊಂಡೆ ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ, ಕಾರಹುಣ್ಣಿಮೆಯ ಎತ್ತಿನ ಹಾಗೆ ಸಿಂಗರಿಸಿದಳು. ಮುಂದೆ ಕರಿಬಸಪ್ಪ, ಪಕ್ಕದಲ್ಲಿ ರುಮಾಲು ಬಿಗಿದ ಈಶಪ್ಪನವರು, ಹಿಂದೆ ಕಳಕಮ್ಮ ಮತ್ತು ಅವಳ ಚಿಕ್ಕವ್ವ ವಿರೂಪಾಕ್ಷಮ್ಮ. ಆ ದಿನ ಮೋಟಾರಿಗೆ ಏನು ಹುರುಪು ಬಂದಿತ್ತೋ! ತಾವರಗೇರಾದ ಸಂತೆಯ ನಡುವೆ ಹಾದು ಹೋದಾಗ ಜನ ಮೆಣಸಿನಕಾಯಿ ತೂಗುವುದು ಬಿಟ್ಟು ಎದ್ದು ನಿಂತರು. ಈಶಪ್ಪನವರು ಮೊದಲು ಗಂಭೀರವಾಗಿ ಕೂತಿದ್ದರು, ಆಮೇಲೆ ಪರಿಚಯದವರಿಗೆ ಕೈ ಎತ್ತಿದರು, ಆಮೇಲೆ ಪರಿಚಯವಿಲ್ಲದವರಿಗೂ ಎತ್ತತೊಡಗಿದರು.

ಮೇಲಿನಹಾಳದ ಏರಿನ ಬುಡಕ್ಕೆ ಬಂದಾಗ ಮೇಲೆ ಊರಿಗೆ ಊರೇ ನೆರೆದದ್ದು ಕಂಡಿತು. ಡೊಳ್ಳು ಬಾರಿಸುತ್ತಿದ್ದರು. ಕರಿಬಸಪ್ಪ ಉಸಿರು ಬಿಗಿಹಿಡಿದು ಏರಿಸಿದ. ಮೋಟಾರು ಅರ್ಧಕ್ಕೆ ಹೋಗಿ ಕೆಮ್ಮಿತು, ನರಳಿತು, ನಿಂತಿತು. ಹಿಂದಕ್ಕೆ ಜಾರಿಸಿ ಬುಡಕ್ಕೆ ತಂದು ಮತ್ತೆ ಎಬ್ಬಿಸಿದ. ಸಪಾಟು ನೆಲದಲ್ಲಿ ಗಡಗಡ ಓಡುತ್ತದೆ, ಏರಿಗೆ ಮೂತಿ ಎತ್ತಿದರೆ ಉಸಿರು ಕಟ್ಟುತ್ತದೆ! ಮೇಲಿನಿಂದ ಯಾರೋ ಕೂಗಿದರು: "ಬೀಗರ, ತಡೀರಿ, ಎತ್ತು ತರತೀವಿ!" ನಾಲ್ಕು ಜನ ಹಗ್ಗ ಹಿಡಿದು ಇಳಿಯಲು ಶುರುಮಾಡಿಯೇಬಿಟ್ಟರು.

ಈಶಪ್ಪನವರು ಆ ಹಗ್ಗ ನೋಡಿದರು. ತಮ್ಮನ ಕಡೆ ನೋಡಿದರು, ಅಷ್ಟೇ.

ಕರಿಬಸಪ್ಪನ ಕಣ್ಣಲ್ಲಿ ನೀರು ಬಂತು. ಸೀಟು ಎತ್ತಿ ಕೆಳಗಿನ ಟಾಕಿಯಲ್ಲಿ ಕಡ್ಡಿ ಅದ್ದಿ ನೋಡಿದ. ಪೆಟ್ರೋಲು ಇದೆ. ಎಂಜಿನ್ನಿನ ಹತ್ತಿರ ನೋಡಿದರೆ ಒಣಒಣ. ಬಾಯಿ ಆರಿಹೋಯಿತು. "ನೀರು ಕೊಡು" ಎಂದು ಹೆಂಡತಿಯ ಮುಂದೆ ಬೊಗಸೆ ಒಡ್ಡಿದ. ಹಾದಿಗೆಂದು ತಂದಿದ್ದ ಕೊಡದಲ್ಲಿ ನೀರು ತಳ ಕಂಡಿತ್ತು. ವಿರೂಪಾಕ್ಷಮ್ಮ ಬಾಗಿಸಿದಳು, ಬರಲಿಲ್ಲ. ಕೊಡದ ತಳ ಮೇಲೆತ್ತಿ ಬಾಯಿ ಕೆಳಗೆ ಮಾಡಿದಳು. ಗಳಗಳ ಸುರಿಯಿತು.

ಕರಿಬಸಪ್ಪ ಬೊಗಸೆಯ ನೀರನ್ನು ಕುಡಿಯುವುದು ಬಿಟ್ಟು ಹಾಗೇ ನೋಡಿದ. ಟಾಕಿ ಹಿಂದೆ, ಎಂಜಿನ್ನು ಮುಂದೆ. ಮೂತಿ ಮೇಲಾದರೆ ಪೆಟ್ರೋಲು ಹಿಂದೆಯೇ ಉಳಿಯುತ್ತದೆ. ಹಾಗಾದರೆ ತಳ ಎತ್ತಬೇಕು! "ಹೇ!" ಎಂದು ಕೂಗಿ ನೀರನ್ನೆಲ್ಲ ಅಣ್ಣನ ಧೋತರದ ಮೇಲೆ ಚೆಲ್ಲಿದ. "ಎತ್ತು ಬ್ಯಾಡ್ರೋ! ಹಗ್ಗ ಬ್ಯಾಡ್ರೋ! ಸರೀರಿ, ಎಲ್ಲಾ ಸರೀರಿ!"

ಮೋಟಾರನ್ನು ಮತ್ತೆ ಬುಡಕ್ಕೆ ಜಾರಿಸಿ, ಎಬ್ಬಿಸಿ, ಗಿರ್ರನೆ ತಿರುಗಿಸಿ, ಬೆನ್ನನ್ನು ಗುಡ್ಡಕ್ಕೆ ಕೊಟ್ಟು, ಹಿಂದಕ್ಕೆ ಹೋಗುವ ಗೇರು ಹಾಕಿದ. ಗಡಗಡಗಡ! ಮೋಟಾರು ಏರತೊಡಗಿತು, ಬೆನ್ನು ಮುಂದಾಗಿ!

ಆದರೆ ಮೇಲೆ ಗಲಾಟೆಯಾಯಿತು. ಗವಿಸಿದ್ದವ್ವನ ದನಿ ಡೊಳ್ಳಿನ ಸದ್ದನ್ನೂ ಮೀರಿಸಿ ಕೇಳಿತು: "ಅಯ್ಯಯ್ಯ ಶಿವನ! ಸೊಸಿ ಮನಿಗೆ ಬೆನ್ನು ಮಾಡ್ಕೊಂಡು, ತವರಿಗೆ ಮಾರಿ ಮಾಡ್ಕೊಂಡು ಬರಾಕತ್ತಾಳಲ್ಲ! ಹಿಂಗ ಬಂದಾಕಿ ನಿಂತಾಳೇನು?"

ಕಳಕಮ್ಮನಿಗೂ ಕೇಳಿತು. ಕರಿಬಸಪ್ಪನಿಗೆ ಬೇರೆಯದೇ ಸಂಕಟ. ಮಡಚಿದ ಚಾವಣಿ ಅಡ್ಡ ಬಂದು ಹಿಂದಿನ ದಾರಿಯೇ ಕಾಣದು. ಎಡಕ್ಕೆ ಬಂಡೆ, ಬಲಕ್ಕೆ ಕೊರಕಲು. "ಕಾಣವಲ್ದಲ್ಲೋ ಯಪ್ಪಾ!" ಎಂದು ಅವನು ಚೀರಿದ್ದೇ ತಡ, ಹುಡುಗಿ ರೇಷ್ಮೆ ಸೀರೆಯನ್ನು ಎತ್ತಿಕಟ್ಟಿ, ಉಡಿಯ ಅಕ್ಕಿಯನ್ನು ಒಂದು ಕೈಲಿ ಹಿಡಿದು, ಸೀಟಿನ ಮೇಲೆ ಮಂಡಿಯೂರಿ ತಿರುಗಿ ಕೂತಳು. ಈಗ ಅವಳ ಮುಖ ನೆಟ್ಟಗೆ ಅತ್ತೆಯ ಕಡೆ!

"ಎಡಕ್ಕ ಕಾಕಾ! ಎಡಕ್ಕ! ಹಾಂ, ಸಾಕು. ಬಲಕ್ಕ ಹೊಳ್ಳಸು! ಅತ್ತ್ಯಾರ, ಜರಾ ಸರೀರಿ! ಕಲ್ಲೈತಿ ಕಾಕಾ, ಕಲ್ಲು!"

ತಲೆ ತಗ್ಗಿಸಿ, ತುಟಿ ಬಿಚ್ಚದೆ ಊರು ಸೇರಬೇಕಾದ ಮದುಮಗಳು! ಬಾಸಿಂಗದ ಗುರುತು ಹಣೆಯಿಂದ ಮಾಸುವ ಮೊದಲೇ ಗುಡ್ಡದ ತುಂಬ ಅವಳದೇ ಕೂಗು. ಮೊದಲು ಹೆದರಿ ಕೂಗುತ್ತಿದ್ದವಳು ಆಮೇಲೆ ನಗುತ್ತ ಕೂಗತೊಡಗಿದಳು. ವಿರೂಪಾಕ್ಷಮ್ಮ ಅವಳ ಸೊಂಟ ಹಿಡಿದುಕೊಂಡು ತಾನೂ ನಕ್ಕಳು. ಈಶಪ್ಪನವರು ರುಮಾಲು ಹಾರದಂತೆ ಒತ್ತಿಕೊಂಡು, "ಬಲಕ್ಕಲೇ ಕರಿಬಸ್ಯಾ! ಮಗಳು ಹೇಳಿದ್ದು ಕೇಳಲಿಲ್ಲೇನು?" ಎಂದು ಗದರಿ ಗದರಿ, ನಡುನಡುವೆ ಅವರೂ ಕಿಸಕ್ಕೆಂದರು. ಹಗ್ಗ ಹಿಡಿದು ಇಳಿದಿದ್ದ ನಾಲ್ವರು ಮೋಟಾರಿನ ಎದುರು ಎದ್ದೆವೋ ಬಿದ್ದೆವೋ ಎಂದು ಓಡುತ್ತ ಗುಡ್ಡ ಹತ್ತಿದರು. ಡೊಳ್ಳಿನವನು ಇನ್ನೂ ಜೋರಾಗಿ ಬಾರಿಸಿದ. ಹಳದಿ ಹಬೆ, ಔಡಲೆಣ್ಣೆಯ ಹೊಗೆ, ಕೇಕೆ, ಸಿಳ್ಳು. ಮೋಟಾರು ಮೇಲಿನಹಾಳದ ಅಗಸಿಬಾಗಿಲ ಮುಂದೆ ಬಂದು ಗಡಗಡ ಎನ್ನುತ್ತಲೇ ನಿಂತಿತು. ಯಾರೂ ನೂಕಿರಲಿಲ್ಲ, ಯಾರೂ ಎಳೆದಿರಲಿಲ್ಲ.

ಗವಿಸಿದ್ದವ್ವ ಆರತಿಯ ತಟ್ಟೆ ಹಿಡಿದು ಮುಂದೆ ಬಂದಳು. ಕೆದರಿದ ಕೂದಲು, ಕೆಂಪಾದ ಮುಖ, ಇನ್ನೂ ನಗು ತಡೆಯಲಾರದ ಸೊಸೆಯನ್ನು ದಿಟ್ಟಿಸಿ ನೋಡಿದಳು. "ಬಾಯಿ ಜೋರೈತಿ ಹುಡುಗಿದು" ಎಂದಳು. ಜನ ಉಸಿರು ಹಿಡಿದರು. "ಛಲೋ ಆತು. ಈ ಮನ್ಯಾಗ ನಾ ಒಬ್ಬಾಕೀನ ಒದರಿ ಒದರಿ ಸಾಕಾಗಿತ್ತು." ಜನವೆಲ್ಲ ಗೊಳ್ಳೆಂದಿತು. ಸೊಸೆಗೆ ಆರತಿ ಬೆಳಗಿದಳು, ಮೋಟಾರಿಗೂ ಬೆಳಗಿದಳು. ಆಮೇಲೆ ಆಳುಗಳ ಕಡೆ ತಿರುಗಿ, "ಕೊಟ್ಟಿಗಿ ಸಾರಿಸ್ರೋ. ಇದನ್ನ ಒಳಗ ತಗೊಂಡು ನಡೀರಿ" ಎಂದಳು.

ಕರಿಬಸಪ್ಪನಿಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಸೊಸೆಯ ಜೊತೆ ಹೂವು ಗೊಂಡೆ ಕಟ್ಟಿಸಿಕೊಂಡು ಬರುವ ಆಕಳು ತವರಿನ ಬಳುವಳಿಯಲ್ಲವೇ? ಈ ಸಲ ಆಕಳು ಬಂದಿಲ್ಲ, ಹೂವು ಗೊಂಡೆ ಕಟ್ಟಿಸಿಕೊಂಡ ಮೋಟಾರು ಬಂದಿದೆ. ಬೀಗರು ಅದನ್ನೇ ಬಳುವಳಿ ಎಂದುಕೊಂಡಿದ್ದಾರೆ! ಮದುಮಗ ಆಗಲೇ ಬಾಯಿ ತೆರೆದುಕೊಂಡು ದೀಪ ಸವರುತ್ತಿದ್ದ.

ಇಲ್ಲವೆಂದರೆ ಬೀಗರಿಗೆ ಅವಮಾನ. ಹೂಂ ಎಂದರೆ ಈಶಪ್ಪನವರಿಗೆ ಹೆಸರಿಗೆ ಹೆಸರು, ಮನೆಯ ಪೀಡೆಯೂ ತೊಲಗಿತು. ಕರಿಬಸಪ್ಪ ಮಾತಾಡುವಂತಿರಲಿಲ್ಲ. ಮನೆಯ ಹಿರಿಯ ಅಣ್ಣ. ಹೊಲ, ಅಂಗಡಿ, ಎತ್ತು, ತಾನು ತೊಟ್ಟ ಅಂಗಿ, ಎಲ್ಲವೂ ಅಣ್ಣನ ಹೆಸರಿನ ಮನೆಯದು. ಅವನು ಹೋಗಿ ಮೋಟಾರಿನ ಬಿಸಿ ಮೂತಿಯ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ನಿಂತ. ಕೈ ಸುಡುತ್ತಿತ್ತು, ತೆಗೆಯಲಿಲ್ಲ.

ಈಶಪ್ಪನವರು ತಮ್ಮನ ಕಡೆ ನೋಡಿದರು. ಮಗಳ ಕಡೆ ನೋಡಿದರು. ಒದ್ದೆ ಧೋತರ ಕೊಡವಿಕೊಂಡು ಮುಂದೆ ಬಂದರು.

"ಬೀಗತ್ಯಾರ, ನಿನ್ನೆ ಬಂದ ಬಂಡಿ ಐತಲ್ಲ, ಅದನ್ನ ಇಟ್ಕೋರಿ. ಆ ಜೋಡೆತ್ತೂ ಇಟ್ಕೋರಿ. ನನ್ನ ಮಗಳಿಗೆ ಅವನ್ನ ಕೊಟ್ಟೀನಿ."

"ಮತ್ತ ಮೋಟಾರ?"

"ಅದನ್ನ ಹ್ಯಾಂಗ ಕೊಡ್ಲಿ ತಾಯಿ? ನಂದಾದ್ರ ಕೊಡತಿದ್ನಿ. ಅದು ನಮ್ಮ ತಮ್ಮಂದು."

ನಮ್ಮ ತಮ್ಮಂದು! ಮೂವತ್ತು ವರ್ಷದಲ್ಲಿ ಕರಿಬಸಪ್ಪ ಆ ಮಾತು ಕೇಳಿದ್ದು ಅದೇ ಮೊದಲು. ಎದೆ ತುಂಬಿ ಬಂತು. ಕಾಲು ಮುಟ್ಟಬೇಕೋ, ಕುಣಿಯಬೇಕೋ, ಅಳಬೇಕೋ ತಿಳಿಯದೆ, ಹ್ಯಾಂಡಲ್ ಹಿಡಿದು ಮೋಟಾರಿನ ಮುಂದೆ ಬಗ್ಗಿ ಗರಗರ ತಿರುವಲು ಹೋದ.

"ರೀ!" ಎಂದು ವಿರೂಪಾಕ್ಷಮ್ಮ ಕೂಗಿದಳು. "ಏನ ಮಾಡಾಕತ್ತೀರಿ? ಅದು ಇನ್ನಾ ಚಾಲೂ ಐತಿ!"