ಪ್ರೊಪೆಲ್ಲರಿನಲ್ಲಿ ಸಿಕ್ಕ ಮೊಳೆ

ಕೊರೊನಾ ಕಳೆದು ಜನ ಮಾಸ್ಕ್ ತೆಗೆದಿಟ್ಟಿದ್ದ ವರ್ಷ. ನಾನು ಆಗ ಬಳ್ಳಾರಿಯ ಸರ್ಕಾರಿ ವರ್ಕ್‌ಶಾಪ್ ಒಂದರಲ್ಲಿ ಸೀನಿಯರ್ ಮೆಕ್ಯಾನಿಕ್ ಆಗಿದ್ದೆ. ಊರು ಕುರುಗೋಡು. ದಿನಾ ಬೆಳಿಗ್ಗೆ ಬಸ್ಸಿಗೆ ಬಳ್ಳಾರಿ, ಸಂಜೆ ಮತ್ತೆ ಊರು. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಇಲಾಖೆಯ ಹೆಸರು ಬರೆದರೆ ಅಲ್ಲಿ ಇವತ್ತಿಗೂ ನೆಟ್ಟಗೆ ದುಡಿಯುವವರ ಮೇಲೂ ಮಸಿ ಬೀಳುತ್ತದೆ, ಆದ್ದರಿಂದ ಬರೆಯುವುದಿಲ್ಲ.

ಜೀಪು, ಜನರೇಟರು, ಪಂಪುಗಳ ಜೊತೆ ಸಿರುಗುಪ್ಪದ ಶೆಡ್ಡಿನಲ್ಲಿದ್ದ ಒಂದು ದೋಣಿಯೂ ನನ್ನ ಲೆಕ್ಕದಲ್ಲಿತ್ತು. ಹದಿನಾಲ್ಕು ಅಡಿಯ ಫೈಬರ್ ದೋಣಿ. ಅದರ ಹಿಂಬದಿಗೆ ತೂಗುಹಾಕುವ ಎಂಟು ಎಚ್‌ಪಿಯ ಹಳೆಯ ಔಟ್‌ಬೋರ್ಡ್ ಮೋಟಾರ್. ತುಂಗಭದ್ರೆಗೆ ನೀರು ಬಿಟ್ಟಾಗ ಹೊಳೆದಂಡೆಯ ಹಳ್ಳಿಗಳಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಇಟ್ಟದ್ದು ಅದು. ವರ್ಷದಲ್ಲಿ ಹನ್ನೊಂದು ತಿಂಗಳು ಟಾರ್ಪಾಲಿನ ಕೆಳಗೆ ಮಲಗಿರುತ್ತಿತ್ತು. ಸುಮ್ಮನೆ ನಿಂತ ಇಂಜಿನ್ ಓಡುವ ಇಂಜಿನ್‌ಗಿಂತ ಬೇಗ ಕೆಡುತ್ತದೆ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಅಂಟಾಗುತ್ತದೆ, ನೀರು ಎಳೆದು ಇಂಜಿನ್ ತಂಪು ಮಾಡುವ ರಬ್ಬರ್ ಚಕ್ರ ಒಣಗಿ ಸೆಟೆಯುತ್ತದೆ, ಗೇರ್ ಆಯಿಲ್‌ಗೆ ನೀರು ಸೇರಿ ಹಾಲಿನಂತಾಗುತ್ತದೆ. ಇವೆಲ್ಲ ನೋಡಿಕೊಳ್ಳುವುದು ನನ್ನ ಕೆಲಸ.

ಈ ಕಥೆ ಅರ್ಥವಾಗಲು ಇನ್ನೊಂದು ಭಾಗ ತಿಳಿದಿರಬೇಕು. ಸಣ್ಣ ಮೋಟಾರಿನಲ್ಲಿ ನೀರು ತಳ್ಳುವ ಪ್ರೊಪೆಲ್ಲರ್, ಇಂಜಿನ್ ತಿರುಗಿಸುವ ಶಾಫ್ಟಿನ ಮೇಲೆ ಸಡಿಲವಾಗಿ ಕೂತಿರುತ್ತದೆ. ಎರಡನ್ನೂ ಹಿಡಿದಿಡುವುದು ಅಡ್ಡಲಾಗಿ ತೂರಿಸಿದ ಒಂದು ಪಿನ್. ಆರು ಮಿಲಿಮೀಟರ್ ದಪ್ಪ, ಬೆರಳಿನ ಅರ್ಧದಷ್ಟು ಉದ್ದ. ಶಿಯರ್ ಪಿನ್ ಎನ್ನುತ್ತೇವೆ. ಪ್ರೊಪೆಲ್ಲರ್ ಬಂಡೆಗೋ ಮರಕ್ಕೋ ಬಡಿದರೆ ಆ ಪಿನ್ ತುಂಡಾಗಿ ಒಳಗಿನ ಗೇರುಗಳನ್ನು ಉಳಿಸುತ್ತದೆ. ತುಂಡಾದರೆ ಇನ್ನೊಂದು ಹಾಕಬೇಕು, ಐದು ನಿಮಿಷದ ಕೆಲಸ. ಅದಕ್ಕೆಂದೇ ಮೋಟಾರಿನ ಮುಚ್ಚಳದ ಒಳಗೆ ಎರಡು ಸ್ಪೇರ್ ಪಿನ್‌ಗಳನ್ನು ನಾನೇ ಸಿಕ್ಕಿಸಿಟ್ಟಿದ್ದೆ.

ಮಳೆಗಾಲಕ್ಕೆ ಮೊದಲು ಶೆಡ್ಡಿಗೆ ಹೋಗಿ ಮೋಟಾರನ್ನು ನೀರಿನ ಡ್ರಮ್ಮಿಗೆ ಇಳಿಸಿ ಓಡಿಸಿದೆ. ಹಗ್ಗದ ಎರಡನೇ ಎಳೆತಕ್ಕೆ ಸ್ಟಾರ್ಟ್ ಆಯಿತು. ತಂಪು ಮಾಡುವ ನೀರು ಪಕ್ಕದ ತೂತಿನಿಂದ ಚೆನ್ನಾಗಿ ಚಿಮ್ಮಿತು. ಗೇರ್ ಹಾಕಿದೆ, ಪ್ರೊಪೆಲ್ಲರ್ ತಿರುಗಿತು. ಆ ದಿನ ಬಳ್ಳಾರಿಯಲ್ಲಿ ಎರಡು ಜೀಪು ನನಗಾಗಿ ಕಾದಿದ್ದವು. ಪ್ರೊಪೆಲ್ಲರ್ ಬಿಚ್ಚಿ ನೋಡಲಿಲ್ಲ. ರಿಜಿಸ್ಟರಿನಲ್ಲಿ 'ಸುಸ್ಥಿತಿಯಲ್ಲಿದೆ' ಎಂದು ಬರೆದು ಸಹಿ ಹಾಕಿದೆ. ಆ ಸಹಿಯನ್ನು ನೆನೆದರೆ ಈಗಲೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಶ್ರಾವಣಕ್ಕೆ ಮೊದಲೇ ಡ್ಯಾಮು ತುಂಬಿತು, ಗೇಟು ತೆರೆದರು. ಮರುದಿನ ಬೆಳಿಗ್ಗೆ ಕರೆ ಬಂತು. ಸಿರುಗುಪ್ಪದ ಆಚೆ ಹೊಳೆಯ ನಡುಗಡ್ಡೆಯಲ್ಲಿ ಕುರಿ ಮೇಯಿಸಲು ಹೋದ ಅಕ್ಕ ತಮ್ಮ ಇಬ್ಬರು ಸಿಕ್ಕಿಕೊಂಡಿದ್ದಾರೆ, ನೀರು ಏರುತ್ತಿದೆ. ದೋಣಿ ನಡೆಸುವ ಈರಣ್ಣ ಸಿರುಗುಪ್ಪದಲ್ಲೇ ಇದ್ದ. ಮೋಟಾರ್ ಹಳೆಯದು, ಜೊತೆಗೆ ಮೆಕ್ಯಾನಿಕ್ ಇರಲಿ ಎಂದು ನನ್ನನ್ನೂ ಕಳಿಸಿದರು. ಹನ್ನೊಂದರ ಹೊತ್ತಿಗೆ ದಂಡೆಯಲ್ಲಿದ್ದೆ. ನಡುಗಡ್ಡೆಗೂ ನಮಗೂ ನಡುವೆ ಬೇಸಿಗೆಯಲ್ಲಿ ಎತ್ತಿನ ಬಂಡಿ ದಾಟುವ ಜಾಗ. ಅವತ್ತು ಕೆಂಪು ನೀರು ಮುನ್ನೂರು ಮೀಟರ್ ಅಗಲಕ್ಕೆ ಸುತ್ತಿ ಸುತ್ತಿ ಹರಿಯುತ್ತಿತ್ತು.

ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಈರಣ್ಣ ಅವಸರ ಮಾಡುವವನಲ್ಲ. ಸೆಳವಿಗೆ ಓರೆಯಾಗಿ, ಅರ್ಧ ಥ್ರಾಟಲಿನಲ್ಲಿ ದಾಟಿಸಿದ. ನಡುಗಡ್ಡೆಯ ದಿಬ್ಬದ ಮೇಲೆ ಮೂವತ್ತು ಕುರಿಗಳ ಸುತ್ತ ಕೋಲು ಹಿಡಿದು ಹನುಮಕ್ಕ ನಿಂತಿದ್ದಳು. ಐವತ್ತರ ಹೆಂಗಸು. ತಮ್ಮನಿಗೆ ಜ್ವರ, ಕಂಬಳಿ ಹೊದ್ದು ಕುಕ್ಕರುಗಾಲಿನಲ್ಲಿ ಕೂತಿದ್ದ.

"ಕುರಿ ಬಿಟ್ಟು ನಾ ಬರಂಗಿಲ್ಲ" ಎಂದಳು.

"ಮೊದ್ಲು ನಿಮ್ಮಿಬ್ಬರನ್ನ ದಂಡಿಗಿ ಬಿಡ್ತೀವಿ ಯಕ್ಕಾ. ಆಮ್ಯಾಲ ನಾಕೈದು ಸಲ ಬಂದು ಕುರಿ ಒಯ್ತೀವಿ. ನೀರು ಇಲ್ಲಿಗಿ ಬರಾಕ ಇನ್ನಾ ಟೈಮ್ ಐತಿ" ಎಂದ ಈರಣ್ಣ.

"ಖರೇ ಬರ್ತೀರೇನು?"

"ಬರ್ತೀವಿ. ಮೋಟಾರು ಐತಲ್ಲ" ಎಂದು ಮಾತು ಕೊಟ್ಟವನು ನಾನು.

ಹಿಂದಿರುಗುವಾಗ ದೋಣಿಯಲ್ಲಿ ನಾಲ್ಕು ಜನ. ಭಾರ ಹೆಚ್ಚಿತ್ತು, ಸೆಳವೂ ಹೆಚ್ಚಿತ್ತು. ಈರಣ್ಣ ಥ್ರಾಟಲ್ ಪೂರ್ತಿ ತಿರುವಿದ. ಅರ್ಧ ದಾರಿಯಲ್ಲಿ ಟಕ್ ಎಂದು ಒಂದು ಸದ್ದು. ಮರುಕ್ಷಣ ಇಂಜಿನ್ ಕಿರುಚಿಕೊಂಡಿತು, ದೋಣಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಪಿನ್ ಹೋಗಿದೆ ಎಂದು ನನಗೆ ತಕ್ಷಣ ಗೊತ್ತಾಯಿತು. ದೋಣಿ ತಿರುಗಿ ಹೊಳೆಯ ಜೊತೆ ಹೊರಟಿತು. ಮುಂದೆ ನೀರಿನಲ್ಲಿ ಅರ್ಧ ಮುಳುಗಿದ ಜಾಲಿಮರದ ತಲೆ ಕಂಡಿತು. ಅದನ್ನು ದಾಟಿದರೆ ದೊಡ್ಡ ಹೊಳೆ. ಈರಣ್ಣ ಎದ್ದು ಎರಡೂ ಕೈಯಿಂದ ಕೊಂಬೆ ತಬ್ಬಿ, ಕಾಲನ್ನು ದೋಣಿಯ ಸೀಟಿಗೆ ಸಿಕ್ಕಿಸಿ ನಿಂತ. ನಾಲ್ಕು ಜನರ ಭಾರ, ಹೊಳೆಯ ಎಳೆತ ಎಲ್ಲ ಅವನ ಹೆಗಲ ಮೇಲೆ ಬಿತ್ತು. ತೋಳಿಗೆ ಮುಳ್ಳು ಇಳಿಯುತ್ತಿತ್ತು.

"ಮೇಸ್ತ್ರಿ, ಲಗೂ ಮಾಡ್ರಿ" ಎಂದ.

ಇಂಜಿನ್ ನಿಲ್ಲಿಸಿ, ಮೋಟಾರನ್ನು ಮೇಲಕ್ಕೆ ಎತ್ತಿ ಮುಚ್ಚಳ ತೆಗೆದೆ. ಸ್ಪೇರ್ ಪಿನ್ ಇಟ್ಟ ಜಾಗ ಖಾಲಿ. ಪ್ರೊಪೆಲ್ಲರಿನ ನಟ್ಟು ಬಿಚ್ಚಿದೆ. ಆ ನಟ್ಟು ನೀರಿಗೆ ಬಿದ್ದರೆ ಮುಗಿಯಿತು. ಹನುಮಕ್ಕನ ಕೈಗೆ ಕೊಟ್ಟೆ, ನಾನು ಹೇಳುವ ಮೊದಲೇ ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಪ್ರೊಪೆಲ್ಲರ್ ಜಾರಿಸಿದಾಗ ತೂತಿನಿಂದ ಎರಡು ತುಂಡು ಕಬ್ಬಿಣ ನನ್ನ ಅಂಗೈಗೆ ಬಿತ್ತು. ಅದು ಪಿನ್ ಆಗಿರಲಿಲ್ಲ. ತಲೆ ಕತ್ತರಿಸಿದ ಮೊಳೆ. ಬಾಗಿಲ ಚೌಕಟ್ಟಿಗೆ ಹೊಡೆಯುವ ಮೊಳೆ. ಡ್ರಮ್ಮಿನ ನೀರಿನಲ್ಲಿ ಸುಮ್ಮನೆ ತಿರುಗಲು ಅದು ಸಾಕಾಗಿತ್ತು, ನಾಲ್ಕು ಜನರನ್ನು ಹೊತ್ತು ಸೆಳವಿನಲ್ಲಿ ತಳ್ಳಲು ಸಾಲಲಿಲ್ಲ.

ಹನುಮಕ್ಕ ನನ್ನ ಅಂಗೈಯನ್ನೇ ನೋಡುತ್ತಿದ್ದಳು. "ಸರಕಾರದ ಇಂಜಿನು ಮೊಳಿ ಮ್ಯಾಲ ನಡಿತೈತೇನ್ರಿ?" ಎಂದಳು.

ಸೀಟಿನ ಬ್ರಾಕೆಟ್ಟಿನಲ್ಲಿ ಆರು ಮಿಲಿಮೀಟರಿನ ಬೋಲ್ಟ್ ಇತ್ತು. ಅದನ್ನು ಬಿಚ್ಚಿ, ಚೀಲದಲ್ಲಿದ್ದ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೊಯ್ಯಲು ಕೂತೆ. ಹನುಮಕ್ಕನ ತಮ್ಮ ಜ್ವರದಲ್ಲೇ ಬೋಲ್ಟನ್ನು ಇಕ್ಕಳದಿಂದ ಒತ್ತಿ ಹಿಡಿದ. ಹದಿನೈದು ನಿಮಿಷ ಹಿಡಿಯಿತು. ನಡುವೆ ಒಮ್ಮೆ ದೋಣಿ ಜಗ್ಗಿದಾಗ ಈರಣ್ಣನ ಎಡ ಹೆಗಲಿನಲ್ಲಿ ಏನೋ ಕಳಚಿದ ಸದ್ದು ನನಗೇ ಕೇಳಿಸಿತು. ಅವನು ಕೂಗಿದ, ಆದರೆ ಕೊಂಬೆ ಬಿಡಲಿಲ್ಲ. ಹನುಮಕ್ಕ ಅವನ ಸೊಂಟ ಹಿಡಿದು ನಿಂತಳು. ಬೋಲ್ಟ್ ತೂರಿಸಿ, ಪ್ರೊಪೆಲ್ಲರ್ ಕೂಡಿಸಿ, ಅವಳ ಸೆರಗಿನಿಂದ ನಟ್ಟು ಬಿಚ್ಚಿ ತಿರುವಿದೆ. ಇಂಜಿನ್ ಮೊದಲ ಎಳೆತಕ್ಕೇ ಹತ್ತಿತು. ದೋಣಿಯನ್ನು ನಾನೇ ದಂಡೆಗೆ ತಂದೆ.

ಈರಣ್ಣನನ್ನು ಆಸ್ಪತ್ರೆಗೆ ಒಯ್ದರು. ದೋಣಿ ನಡೆಸಬಲ್ಲ ಬೇರೆಯವರು ಅಲ್ಲಿ ಇರಲಿಲ್ಲ. ನಾನು ಹೋಗುತ್ತೇನೆ ಎಂದೆ. ಒಬ್ಬನೇ, ಅದೂ ಬೋಲ್ಟ್ ತುಂಡಿನ ಮೇಲೆ, ಬೇಡವೆಂದು ದಂಡೆಯಲ್ಲಿದ್ದವರು ತಡೆದರು. ತಡೆದದ್ದು ಸರಿಯೇ. ಸಂಜೆ ನಾಲ್ಕಕ್ಕೆ ದಿಬ್ಬದ ಮೇಲೆ ನೀರು ಬಂತು. ಕುರಿಗಳ ಕೂಗು ದಂಡೆಯವರೆಗೆ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಹನುಮಕ್ಕ ಅಳಲಿಲ್ಲ. ಹೊಳೆಗೆ ಬೆನ್ನು ಹಾಕಿ ನನ್ನನ್ನೇ ನೋಡುತ್ತ ಕೂತಳು.

ಮರುದಿನ ಸಿರುಗುಪ್ಪದ ಶೆಡ್ಡಿನಲ್ಲಿ ಸ್ಟೋರ್‌ಕೀಪರ್ ಗಾದಿಲಿಂಗಪ್ಪನ ಮೇಜಿನ ಮೇಲೆ ಮೊಳೆಯ ಎರಡು ತುಂಡು ಇಟ್ಟೆ. ಬೀಗದ ಕೈ ಇರುವುದು ಅವನ ಹತ್ತಿರ ಮಾತ್ರ. ಅವನು ತುಂಡುಗಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದ.

"ಬ್ಯಾಸಿಗ್ಯಾಗ ಸಾಹೇಬ್ರ ಬೀಗರು ಬಂದಿದ್ರು ಮೇಸ್ತ್ರಿ. ಮಡುವಿನಾಗ ಒಂದು ರೌಂಡು ಹೊಡಿತೀವಿ ಅಂತ ದೋಣಿ ಒಯ್ದ್ರು. ಬಂಡಿಗಲ್ಲಿಗಿ ಬಡದು ಪಿನ್ನು ಮುರೀತು. ಸ್ಪೇರ್ ಹಾಕಿದ್ರು, ಅವೂ ಎರಡೂ ಮುರದ್ವು. ಕಡೀಗಿ ನಾನಾ ಮೊಳಿ ಹಾಕಿದೆ."

"ನನಗ ಒಂದು ಫೋನ್ ಮಾಡಾಕ ಏನಾಗಿತ್ತಲೇ ನಿನಗ?"

"ಹೇಳಿದ್ರ ದೋಣಿ ಯಾಕ ಹೊರಗ ಹೋತು ಅಂತ ಕೇಳ್ತಿದ್ರಿ. ಯಾರಿಗೂ ಹೇಳಬ್ಯಾಡ ಅಂದಿದ್ರು ಸಾಹೇಬ್ರು."

ಮೂವತ್ತೈದು ವರ್ಷದ ಸರ್ವೀಸಿನಲ್ಲಿ ನಾನು ಯಾರ ಮೇಲೂ ಕೈ ಎತ್ತಿದವನಲ್ಲ. ಅವತ್ತು ಎತ್ತಿದ ಕೈಯನ್ನು ಮೇಜಿಗೆ ಬಡಿದು ಹೊರಗೆ ಬಂದೆ.

ವಿವರವಾಗಿ ವರದಿ ಬರೆದೆ. ಪ್ರೊಪೆಲ್ಲರ್ ಬಿಚ್ಚಿ ನೋಡದೆ ಸಹಿ ಹಾಕಿದ್ದು ನನ್ನ ತಪ್ಪು ಎಂದು ಮೊದಲ ಪ್ಯಾರಾದಲ್ಲೇ ಬರೆದೆ. ಎರಡನೆಯದರಲ್ಲಿ ಮೊಳೆಯ ವಿಷಯ, ಮೂರನೆಯದರಲ್ಲಿ ದೋಣಿ ಯಾರ ಮೋಜಿಗೆ ಹೋಗಿತ್ತು ಎಂಬುದು. ಈ ಸಾಹೇಬರು, ನಮ್ಮ ಇಲಾಖೆಯ ಜಿಲ್ಲಾ ಅಧಿಕಾರಿ, ನನ್ನನ್ನು ಬಳ್ಳಾರಿಯ ತಮ್ಮ ಕಚೇರಿಗೆ ಕರೆಸಿದರು. ಚಹಾ ತರಿಸಿದರು. ನಾನು ಮುಟ್ಟಲಿಲ್ಲ.

"ಖಾಜಾಸಾಬ್, ಯಾರೂ ಸತ್ತಿಲ್ಲ. ಇಬ್ಬರ ಜೀವ ಉಳಿಸೀರಿ, ಸನ್ಮಾನ ಮಾಡಸ್ತೀನಿ. ಈ ಮೊಳಿ-ಗಿಳಿ ಎಲ್ಲಾ ತೆಗದು 'ಮರಕ್ಕೆ ಬಡಿದು ಪಿನ್ ಮುರಿಯಿತು' ಅಂತ ಬರೀರಿ. ಈರಣ್ಣ ಜಾರಿ ಬಿದ್ದ ಅಂತ ಆಗ್ತೈತಿ. ರಿಟೈರ್‌ಮೆಂಟ್ ಹತ್ರ ಐತಿ, ನಿಮಗ ಯಾಕ ಬೇಕು?"

ಆ ಹೊತ್ತಿಗೆ ಹನುಮಕ್ಕ ಹೊರಗಿನ ಬೆಂಚಿನಲ್ಲಿದ್ದಳು. ಹೇಳಿಕೆ ಕೊಡಲು ಅವಳನ್ನು ನಾನೇ ಕರೆತಂದಿದ್ದೆ. ಬಾಗಿಲು ತೆರೆದೇ ಇತ್ತು. ಯಾರನ್ನೂ ಕೇಳದೆ ಒಳಗೆ ಬಂದು ನಿಂತಳು.

"ಮೂವತ್ತು ಕುರಿ ಸತ್ತರ ಯಾರೂ ಸತ್ತಂಗಲ್ಲೇನ್ರಿ?" ಎಂದಳು. "ಆ ಅಣ್ಣನ ತೋಳು ನಾನು ಕಣ್ಣಾರೆ ನೋಡೀನಿ. ಜಾರಿ ಬಿದ್ದ ಅಂತ ಬರದ್ರ ನಾನಾ ಎದ್ದು ಸುಳ್ಳು ಅಂತೀನಿ, ಎಲ್ಲಿ ಕರದ್ರೂ ಬರ್ತೀನಿ."

ಸಾಹೇಬರ ಮುಖ ನೋಡದೆ ನಾನು ಟಪಾಲು ವಿಭಾಗಕ್ಕೆ ಹೋಗಿ, ವರದಿಯನ್ನು ಬರೆದಂತೆಯೇ ಕೊಟ್ಟು ಸೀಲು ಹಾಕಿಸಿಕೊಂಡೆ. ಜೊತೆಗೆ ಹನುಮಕ್ಕನ ಹೇಳಿಕೆ, ಅವಳ ಹೆಬ್ಬೆಟ್ಟು.

ವಿಚಾರಣೆ ಒಂಬತ್ತು ತಿಂಗಳು ನಡೆಯಿತು. ನನಗೆ ಛೀಮಾರಿ ಬಂತು, ಒಂದು ಇನ್‌ಕ್ರಿಮೆಂಟ್ ನಿಂತಿತು; ನ್ಯಾಯವೇ ಎಂದುಕೊಂಡೆ. ಗಾದಿಲಿಂಗಪ್ಪ ಸಸ್ಪೆಂಡ್ ಆದ. ಸಾಹೇಬರಿಗೆ ಬೇರೆ ಜಿಲ್ಲೆಗೆ ವರ್ಗ, ಅಷ್ಟೇ. ಈರಣ್ಣನ ಗಾಯ ಕರ್ತವ್ಯದ ಮೇಲೆ ಆದದ್ದೆಂದು ದಾಖಲಾಯಿತು. ಆ ವರದಿಯಿಂದ ಆದ ಒಂದೇ ಒಳ್ಳೆಯ ಕೆಲಸ ಅದು. ಅವನ ಎಡಗೈ ಇವತ್ತಿಗೂ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಕುರಿಗಳಿಗೆ ಯಾವ ಕಾಗದದಲ್ಲೂ ಜಾಗ ಸಿಗಲಿಲ್ಲ.

ಉಳಿದ ಸರ್ವೀಸಿನಲ್ಲಿ ಬಿಚ್ಚದ ಯಾವ ಯಂತ್ರಕ್ಕೂ ನಾನು ಸಹಿ ಹಾಕಲಿಲ್ಲ. ಜೀಪುಗಳು ಸಾಲುಗಟ್ಟಿ ಕಾದವು, ಮೇಲಿನವರು ಬೈದರು, ಕಾಯಲಿ ಎಂದೆ. ನೌಕರಿ ನನಗೆ ಕಲಿಸಿದ್ದು ಇಷ್ಟು: ರಿಜಿಸ್ಟರಿನಲ್ಲಿ ನಾವು ಹಾಕುವ ಸಹಿಯನ್ನು ನಂಬಿ ಯಾರೋ ಒಬ್ಬರು ನೀರಿನ ನಡುವೆ ನಿಂತಿರುತ್ತಾರೆ. ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ. ಇಳಿಯಲಿ ಎಂದು ನಾನು ಬಯಸಿದವನೂ ಅಲ್ಲ.